ಗಂಡು ಸೋಕದ ಬೀಜ

ಯಾರೂ ಕೇಳದಿದ್ದರೆ ನಾನಾಗಿ ಹೇಳುವುದಿಲ್ಲ ಎಂದು ದಿಪುವೊ ಬೆಳಿಗ್ಗೆ ದಿನಚರಿಯಲ್ಲಿ ಬರೆದಳು. ಬರೆದ ಮೇಲೆ ಆ ಸಾಲು ತೀರ ಬೆತ್ತಲಾಗಿ ಕಂಡಿತು. ಹೊಡೆದುಹಾಕಿದಳು. ಹೊಡೆದ ಗೆರೆಯ ಅಡಿಯಲ್ಲೂ ಅಕ್ಷರಗಳು ಓದಲು ಬರುತ್ತಿದ್ದವು. ಹಾಳೆಯನ್ನು ಒಳಮಡಿಸಿ, ಪುಸ್ತಕವನ್ನು ಹಾಸಿಗೆಯಡಿಗೆ ತಳ್ಳಿ, ಅಜ್ಜಿ ನೋಡಿದಳೇನೋ ಎಂದು ತಿರುಗಿದಳು. ಅಜ್ಜಿಯ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಪೊರೆ ಇಲ್ಲದಾಗಲೂ ಅವಳಿಗೆ ಓದಲು ಬರುತ್ತಿರಲಿಲ್ಲ. ಗೊತ್ತಿದ್ದೂ ತಿರುಗಿ ನೋಡಿದೆನಲ್ಲ ಎಂದು ದಿಪುವೊಗೆ ಇನ್ನೊಂದು ನಾಚಿಕೆ ಹುಟ್ಟಿತು. ಹೀಗೇ, ಒಂದರ ಬಾಲ ಹಿಡಿದು ಇನ್ನೊಂದು. ಅಜ್ಜಿ ಒಲೆಯ ಮುಂದೆ ಕೂತು ಹುಳಿಗಂಜಿ ಕದಡುತ್ತಿದ್ದಳು. ಅವಳ ತಲೆಯ ಮೇಲೆ, ಹೊಗೆಗೆ ಕರ್ರಗಾದ ತೊಲೆಯಿಂದ, ಬೀಜ ತುಂಬಿದ ಸೋರೆಬುರುಡೆ ತೂಗುತ್ತಿತ್ತು. ದಿಪುವೊ ಸ್ವೆಟರ್ ಹಾಕಿಕೊಂಡು ಜೇಬಿಗೆ ಕೈ ಬಿಟ್ಟವಳು, ಬೆಂಕಿ ಮುಟ್ಟಿದವಳ ಹಾಗೆ ಹೊರಗೆಳೆದಳು. ಬೆರಳ ತುದಿ ಹಳದಿಯಾಗಿತ್ತು. ನಿನ್ನೆಯದು ಅದು. ನಿನ್ನೆ ಸಂಜೆ ಮೇಲಿನ ಹೊಲದ ಮಾದಿಂಫೊಳ ಪೀಚ್ ಹಣ್ಣಿನ ಬುಟ್ಟಿ ಹಿಂತಿರುಗಿಸಲು ಹೋದವಳು, ಅವಳು ಮನೆಯಲ್ಲಿಲ್ಲವೆಂದು ಹೊಲದ ಕಡೆ ಇಣುಕಿದಾಗ, ಮೆಕ್ಕೆಜೋಳದ ಮೂರನೆಯ ಸಾಲಿನ ಹಿಂದೆ, ಗಾಂಜಾ ಗಿಡದ ತೆನೆಯ ಬಿಳಿ ಕೂದಲೆಳೆಗಳ ನಡುವೆ ಅದನ್ನು ಕಂಡಿದ್ದಳು: ಗುಬ್ಬಿಮರಿಯ ಕೊಕ್ಕಿನಂಥ ಹಳದಿ ಹೂವು. ಒಂದು ಕಿತ್ತಳು, ಎರಡು ಕಿತ್ತಳು, ಏಳು ಕಿತ್ತು ಜೇಬಿಗೆ ಹಾಕಿದಳು. ಪಕ್ಕದ ಗಿಡ ನೋಡಿದಳು, ಅದರ ಪಕ್ಕದ್ದು ನೋಡಿದಳು, ಆಮೇಲೆ ನೋಡುವುದನ್ನು ನಿಲ್ಲಿಸಿ ಬುಟ್ಟಿಯನ್ನು ಹೊಸ್ತಿಲಲ್ಲಿಟ್ಟು ಮನೆಗೆ ಬಂದು ತಲೆನೋವೆಂದು ಮಲಗಿಬಿಟ್ಟಳು.

“ಎದ್ದ್ಯಾ? ಮೈ ಸರಿಯಿಲ್ಲ ಅಂದ್ರೆ ಇರು. ಹೊಲ ಸುತ್ತೋಕೆ ನಾನು ಕೋಲು ಹಿಡ್ಕೊಂಡು ಹೋಗ್ತೀನಿ” ಎಂದಳು ಅಜ್ಜಿ.

“ಬರ್ತೀನಜ್ಜಿ.”

“ನಿನ್ನ ಕಣ್ಣು ಬೇಕಿತ್ತು ನಂಗೆ. ಅದಕ್ಕೇ ಕೇಳಿದ್ದು.”

ಇವತ್ತು ಎರಡನೆಯ ಸುತ್ತು. ಹಾ ಸೆಟಾಲೆ ಎಂಬ ಈ ಊರಿನ ಹೆಂಗಸರು ವರ್ಷಕ್ಕೆರಡು ಸಲ ಒಬ್ಬರ ಹೊಲಕ್ಕೆ ಇನ್ನೊಬ್ಬರು ನುಗ್ಗಿ ಸಾಲುಸಾಲು ನೋಡುತ್ತಾರೆ. ಜನವರಿಯಲ್ಲಿ ಗಾಂಜಾದ ಗಂಡು ಗಿಡಗಳನ್ನೆಲ್ಲ ಕಿತ್ತೆಸೆಯುವುದು. ಮಾರ್ಚಿನಲ್ಲಿ, ಹೆಣ್ಣು ಗಿಡಗಳ ತೆನೆ ದಪ್ಪವಾಗುವ ಹೊತ್ತಿಗೆ, ತಪ್ಪಿಸಿಕೊಂಡದ್ದೇನಾದರೂ ಉಳಿದಿದೆಯೇ ಎಂದು ಮತ್ತೊಮ್ಮೆ ಹುಡುಕುವುದು. ಒಂದು ಗಂಡು ಉಳಿದರೂ ಅದರ ಪುಡಿ ಗಾಳಿಗೆ ಹಾರಿ, ಇಳಿಜಾರಿನ ಕೆಳಗಿನ ಹೊಲಗಳ ತೆನೆಯೆಲ್ಲ ಬೀಜ ಕಟ್ಟಿಕೊಂಡು ಹೊಟ್ಟಾಗುತ್ತದೆ. ಕುದುರೆಯ ಮೇಲೆ ಬರುವ ವ್ಯಾಪಾರಿ ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಉದುರಿದ ಬೀಜ ನೋಡಿ, ಮಾತೇ ಆಡದೆ ಕುದುರೆ ತಿರುಗಿಸುತ್ತಾನೆ. ಇಡೀ ಊರಿನ ಬೀಜಕ್ಕೆಂದು ಅಜ್ಜಿ ಮಾತ್ರ ದಿಬ್ಬದ ಆಚೆ, ಹಾಳುಬಿದ್ದ ಕುರಿದೊಡ್ಡಿಯ ಕಲ್ಲುಗೋಡೆಯೊಳಗೆ, ಒಂದೇ ಒಂದು ಗಂಡು ಗಿಡವನ್ನು ಎರಡು ಹೆಣ್ಣಿನ ಜೊತೆ ಬೆಳೆಸುತ್ತಾಳೆ. ಹೆಂಗಸರು ಅದನ್ನು ಊರಳಿಯ ಎನ್ನುತ್ತಾರೆ. “ಊರಳಿಯ ಚೆನ್ನಾಗಿದ್ದಾನಾ?” ಎಂದು ಅಜ್ಜಿಯನ್ನು ವಿಚಾರಿಸುತ್ತಾರೆ. “ತಿಂದ್ಕೊಂಡು ಬಿದ್ದಿದ್ದಾನೆ, ಅಳಿಯಂದಿರ ಹಾಗೆ” ಎನ್ನುತ್ತಾಳೆ ಅಜ್ಜಿ. ಆ ಬೀಜ ಬುರುಡೆಗೆ ಸೇರುತ್ತದೆ. ಬುರುಡೆಯಿಂದ ಅಜ್ಜಿಯ ಕೈಯಲ್ಲೇ, ಬೊಗಸೆಯೊಡ್ಡಿ ನಿಂತವರ ಬೊಗಸೆಗೇ ಬೀಳಬೇಕು. ಬೇರೆ ಯಾರೂ ಆ ಬುರುಡೆಗೆ ಕೈ ಹಾಕುವಂತಿಲ್ಲ. ದಿಪುವೊ ಕೂಡ.

ಎರಡನೆಯ ಸುತ್ತಿನಲ್ಲಿ ಯಾರ ಹೊಲದಲ್ಲಿ ಗಂಡು ಸಿಕ್ಕಿತೋ ಅವಳು ಕೂಸು ಹೊರಬೇಕು. ಸಿಕ್ಕ ಗಿಡವನ್ನು ಬೇರುಸಹಿತ ಕಿತ್ತು, ಕೂಸನ್ನು ಕಟ್ಟುವ ಹಾಗೇ ಕಂಬಳಿಯಲ್ಲಿ ಬೆನ್ನಿಗೆ ಕಟ್ಟುತ್ತಾರೆ. ಅವಳು ಅದನ್ನು ಹೊತ್ತು ಊರ ನಡುವೆ ನಡೆದು ಹಳ್ಳದವರೆಗೆ ಹೋಗಿ ಸುಡಬೇಕು. ಉಳಿದವರು ಜೋಗುಳ ಹಾಡುತ್ತ ಹಿಂದೆ ನಡೆಯುತ್ತಾರೆ. ನಗುವುದಕ್ಕೆಂದೇ ಇರುವ ಪದ್ಧತಿ. ದಿಪುವೊ ಎಂಟು ವರ್ಷದವಳಿದ್ದಾಗ, ಮಾದಿಂಫೊಳ ಕೆಳಗಿನ ಹೊಲದ ಮಾಕೋಪಾನೊ ಹೊತ್ತಿದ್ದಳು. ನಡುನಡುವೆ ನಿಂತು ಗಿಡದ ಬಾಯಿಗೆಂದು ಮೊಲೆಯೂಡುವಂತೆ ನಟಿಸಿ, ಗಂಡಸರೆಲ್ಲ ಮುಖ ಮುಚ್ಚಿಕೊಂಡು ಓಡುವಂತೆ ಮಾಡಿದ್ದಳು. ಅವಳಿಗೆ ಆಗ ನಾಲ್ಕು ಮಕ್ಕಳು. ನಗು ಅವಳಿಗೆ ಸುಲಭವಾಗಿತ್ತು ಎಂದು ಆಗ ಯಾರಿಗೂ ಹೊಳೆದಿರಲಿಲ್ಲ. ಹೊಳೆಯುವ ಅಗತ್ಯವೂ ಇರಲಿಲ್ಲ.

ಕಾಲುದಾರಿ ಏರಿತ್ತು. ಅಜ್ಜಿ ದಿಪುವೊಳ ಹೆಗಲ ಮೇಲೆ ಕೈಯಿಟ್ಟು ನಡೆಯುತ್ತಿದ್ದಳು, ಪ್ರತಿ ಹೆಜ್ಜೆಗೂ ಆ ಕೈ ಒತ್ತಿ ಸಡಿಲವಾಗುತ್ತಿತ್ತು. ದಿಪುವೊ ಅದಕ್ಕೆ ಹೆಜ್ಜೆ ಹೊಂದಿಸಿಕೊಂಡಳು. ಮುಂದೆ ಆರೇಳು ಹೆಂಗಸರು ಕಂಬಳಿ ಹೊದ್ದು ನಡೆಯುತ್ತಿದ್ದರು. ಮಾಕೋಪಾನೊಳ ದನಿ ಎಲ್ಲರಿಗಿಂತ ಮೇಲೆ. ಅವಳ ಸೊಸೆ ಮೆಕ್ಕೆಜೋಳದ ಮುದ್ದೆಯನ್ನು ಹೇಗೆ ಗಂಟು ಮಾಡುತ್ತಾಳೆಂಬುದು ಕಣಿವೆಯ ಆಚೆ ದಂಡೆಗೂ ತಿಳಿಯುತ್ತಿತ್ತು. ಮಾದಿಂಫೊ ಎಲ್ಲರಿಗಿಂತ ಹಿಂದೆ ಬಿದ್ದಿದ್ದವಳು ಓಡಿಬಂದು ದಿಪುವೊಳ ಇನ್ನೊಂದು ಪಕ್ಕ ಸೇರಿಕೊಂಡಳು. ಏದುಸಿರು. ಅವಳ ಮೈಯಿಂದ ಒಣಗಿದ ಪೀಚಿನ ವಾಸನೆ.

“ಬುಟ್ಟಿ ಇಟ್ಟು ಮಾತಾಡಿಸ್ದೆ ಹೋಗಿದ್ದೀಯಲ್ಲೇ ಕಳ್ಳಿ! ಹಣ್ಣು ಹುಳಿಯಿತ್ತಾ?”

“ಇಲ್ಲ ಮೇ. ಚೆನ್ನಾಗಿತ್ತು.” ಊರಲ್ಲಿ ದೊಡ್ಡ ಹೆಂಗಸರನ್ನೆಲ್ಲ ಮೇ, ಅಮ್ಮ, ಎಂದೇ ಕರೆಯುವುದು.

“ಇವಳ ಹತ್ರ ಎರಡು ಮಾತು ಆಡಿಸೋದು ಅಂದ್ರೆ ಕತ್ತೆ ಹತ್ರ ಹಾಡಿಸಿದ ಹಾಗೆ. ಇಟ್ಟಿರೋ ಹೆಸರು ಮಾತ್ರ ದಿಪುವೊ, ಅಂದ್ರೆ ಮಾತುಗಳು!” ಎಂದು ಮಾದಿಂಫೊ ಅಜ್ಜಿಯ ಕಡೆ ನಕ್ಕಳು.

“ಅವಳಮ್ಮ ಹೆರೋವಾಗ ಬಾಯಿ ಬಿಡ್ದೆ ಹೆತ್ತಳು, ಅದಕ್ಕೇ ಇದಾದ್ರೂ ಮಾತಾಡ್ಲಿ ಅಂತ ಇಟ್ವಿ” ಎಂದಳು ಅಜ್ಜಿ. “ನಿನ್ನ ಹೊಲ ಹೇಗಿದೆ ಮಾದಿಂಫೊ?”

“ನಿಮ್ಮ ಬೀಜ ಅಲ್ವಾ ಮೇ, ಹೇಗಿರುತ್ತೆ! ಜನವರೀಲಿ ಒಂದೇ ಒಂದು ಗಂಡು ಬರಲಿಲ್ಲ. ಕಣ್ಣು ಬೀಳೋ ಹಾಗಿದೆ.”

ನಿಮ್ಮ ಬೀಜ. ಆ ಮಾತು ಹೇಳುವಾಗ ಮಾದಿಂಫೊಳ ಮೊಣಕೈ ದಿಪುವೊಳ ಪಕ್ಕೆಗೆ ಮೆಲ್ಲಗೆ ತಾಕಿತು. ನಮ್ಮಿಬ್ಬರ ಗುಟ್ಟು ಎಂಬಂತೆ. ದಿಪುವೊ ಕಾಲುದಾರಿಯ ಕಲ್ಲುಗಳನ್ನು ನೋಡುತ್ತ ನಡೆದಳು.

ಸೆಪ್ಟೆಂಬರಿನಲ್ಲಿ ಅಜ್ಜಿ ಕಣ್ಣು ತೋರಿಸಿಕೊಳ್ಳಲು ನದಿಯಾಚೆಗೆ ಹೋಗಿದ್ದಳು, ಮೂರು ದಿನ. ಮಾದಿಂಫೊ ಬೊಗಸೆಯೊಡ್ಡಲು ಬಂದು ಬಾಗಿಲಲ್ಲೇ ನಿಂತಿದ್ದಳು. ಸೂರಿನ ಹುಲ್ಲು ಸೋರಿ, ಅಜ್ಜಿ ಮೊದಲೇ ಕೊಟ್ಟಿದ್ದ ಬೀಜವಿದ್ದ ಅವಳ ಗಡಿಗೆಗೆ ಬೂಸ್ಟು ಹಿಡಿದಿತ್ತು. ಅಜ್ಜಿ ಇಲ್ಲವೆಂದು ತಿಳಿದು, “ಹಾಗಾದ್ರೆ ನಾಡಿದ್ದು ಬರ್ತೀನಮ್ಮ” ಎಂದು ತಿರುಗಿದ್ದಳು ಕೂಡ. ಬೆನ್ನು ತಿರುಗಿಸಿದ್ದಳು. ಆ ಬೆನ್ನು ನೋಡಿ ದಿಪುವೊ, “ನನ್ನ ಹತ್ರ ಇದೆ” ಅಂದಳು. ತನ್ನದೇ ದನಿ ಅವಳಿಗೆ ಬೇರೆಯವರದೆಂಬಂತೆ ಕೇಳಿಸಿತ್ತು. ಊರಿಗೆ ಮರಳಿ ಒಂದೂವರೆ ವರ್ಷ. ಪದವಿಯ ಕಾಗದ ಪೆಟ್ಟಿಗೆಯಲ್ಲಿ. ಅಷ್ಟು ದಿನದಲ್ಲಿ ಯಾರೂ ಅವಳನ್ನು ಏನನ್ನೂ ಕೇಳಿರಲಿಲ್ಲ. ಕುರಿಗೆ ಜ್ವರ ಬಂದರೆ ಮುದುಕರನ್ನು ಕೇಳುತ್ತಿದ್ದರು, ಜೋಳಕ್ಕೆ ಹುಳ ಬಿದ್ದರೆ ಅಜ್ಜಿಯನ್ನು. ಕೃಷಿ ಓದಿದ ಹುಡುಗಿಯನ್ನು ನೀರು ತರಲು ಕಳಿಸುತ್ತಿದ್ದರು. ಅವಳ ಹತ್ತಿರ ಇದ್ದದ್ದು ಒಂದು ಕ್ರೀಮಿನ ಡಬ್ಬಿ, ಅದರಲ್ಲಿ ನಲವತ್ತಮೂರು ಬೀಜ. ಹಿತ್ತಲಲ್ಲಿ ಒಡೆದ ಬಕೀಟಿನಲ್ಲಿ ಅವಳೇ ಬೆಳೆಸಿದ ಒಂಟಿ ಗಿಡದ ಬೀಜ. ಆ ಗಿಡಕ್ಕೆ ಅವಳು ನೀರು ಹಾಕಲು ಮರೆತಿದ್ದಳು, ಎರಡು ಸಲ ಜಾಗ ಬದಲಿಸಿದ್ದಳು, ಆಲಿಕಲ್ಲು ಬಿದ್ದು ಅದರ ತಲೆ ಮುರಿದಿತ್ತು. ಸುತ್ತ ಎಲ್ಲೂ ಒಂದೂ ಗಂಡು ಇರಲಿಲ್ಲ. ಕಾದು ಕಾದು, ಯಾರೂ ಬರುವುದಿಲ್ಲವೆಂದು ಅದಕ್ಕೆ ಅನ್ನಿಸಿರಬೇಕು, ತನ್ನ ಹೆಣ್ಣುತೆನೆಯ ನಡುವೆ ತಾನೇ ನಾಲ್ಕು ಗಂಡುಹೂವು ಬಿಟ್ಟು, ತನ್ನನ್ನು ತಾನೇ ಕೂಡಿ, ಬೀಜ ಕಟ್ಟಿತ್ತು. ಬೀಜ ಚೆನ್ನಾಗಿದ್ದವು. ದಪ್ಪ, ಹೊಳಪು, ಬೆನ್ನಿನ ಮೇಲೆ ಹುಲಿಪಟ್ಟೆ. ಅವುಗಳನ್ನು ಆಗಾಗ ಅಂಗೈಗೆ ಸುರಿದುಕೊಂಡು ನೋಡುತ್ತಿದ್ದಳು. ಊರಲ್ಲಿ ತನ್ನದು ಅನ್ನುವಂಥದ್ದು ಅಷ್ಟೇ ಇತ್ತು.

“ಗಂಡು ಸೋಕದೆ ಕಟ್ಟಿದ ಬೀಜ ಅಂತೀಯಾ?” ಮಾದಿಂಫೊ ಡಬ್ಬಿಯೊಳಗೆ ಇಣುಕಿ ನಕ್ಕಿದ್ದಳು. “ಹೀಗೂ ಆಗುತ್ತೆ ಅಂತ ಮೊದಲೇ ಗೊತ್ತಿದ್ರೆ ನಾನೂ ಈ ವಿದ್ಯೆ ಕಲೀತಿದ್ನಲ್ಲೇ!” ನಗು ಮುಗಿದ ಮೇಲೆ ಕಣ್ಣೆತ್ತಿ, ಮಗುವೊಂದು ಮಾಸ್ತರರನ್ನು ಕೇಳುವ ಹಾಗೆ ಕೇಳಿದ್ದಳು: “ಬಿತ್ತಬಹುದಾ ಮಗಳೇ ಇದನ್ನ? ಬಿತ್ತಿದ್ರೆ ಪ್ರಯೋಜನ ಇದೆಯಾ? ನೀನು ಓದಿದವಳು. ನೀನು ಹೂಂ ಅಂದ್ರೆ ಹಾಕ್ತೀನಿ.”

“ಎಲ್ಲಾ ಹೆಣ್ಣೇ ಬರುತ್ತೆ” ಅಂದಿದ್ದಳು ದಿಪುವೊ. ಅದು ಸುಳ್ಳಾಗಿರಲಿಲ್ಲ. ತಗ್ಗುನಾಡಿನಲ್ಲಿ, ಗಾಂಜಾ ಬೆಳೆಯಲು ಪರವಾನಗಿ ತೆಗೆದುಕೊಂಡ ಕಂಪನಿಯೊಂದರ ಬಿಳಿ ಪ್ಲಾಸ್ಟಿಕ್ ಮನೆಗಳಲ್ಲಿ ಮೂರು ತಿಂಗಳು ಕೆಲಸ ಕಲಿಯಲು ಹೋಗಿದ್ದಾಗ ಅದನ್ನು ಕಣ್ಣಾರೆ ಕಂಡಿದ್ದಳು. ಕಂಡದ್ದು ಅಷ್ಟೇ ಅಲ್ಲ. ನಾಲ್ಕನೆಯ ಮನೆಯ ಮೂಲೆಯಲ್ಲಿ ಒಂದು ಹೆಣ್ಣು ಗಿಡದ ತೆನೆಯಲ್ಲಿ ಹಳದಿ ಗಂಡುಹೂವು ಮೊದಲು ಕಂಡದ್ದು ಅವಳಿಗೇ. ಮೇಲ್ವಿಚಾರಕನಿಗೆ ಇಂಗ್ಲಿಷಿನಲ್ಲಿ ಹೇಳಬೇಕು, ವಾಕ್ಯ ಕಟ್ಟಿಕೊಂಡಳು, ವಾಕ್ಯದ ಕ್ರಿಯಾಪದ ಸರಿಯೋ ತಪ್ಪೋ ಎಂದು ಒಂದು ದಿನ, ಈಗ ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎಂದಾರೆಂದು ಇನ್ನೊಂದು ದಿನ. ಮೂರನೆಯ ದಿನ ಅವನೇ ಕಂಡು, ಗಿಡಕ್ಕೆ ಚೀಲ ಮುಚ್ಚಿ ಬುಡದಲ್ಲಿ ಕತ್ತರಿಸಿ, ಸುತ್ತ ನಿಂತ ಹುಡುಗಿಯರಿಗೆ ಪಾಠ ಹೇಳಿದ್ದ. ಇದರ ಬೀಜ ಎಲ್ಲವೂ ಹೆಣ್ಣೇ ಹುಟ್ಟುತ್ತವೆ, ಆಸೆಪಡಬೇಡಿ. ತಾಯಿ ಹೆದರಿ ಮಾಡಿದ್ದನ್ನು ಮಕ್ಕಳು ಹೆದರದೆಯೂ ಮಾಡುತ್ತಾರೆ. ಒಂದು ಬಿಸಿಲು ಹೆಚ್ಚಾದರೆ, ಒಂದು ಗಾಳಿ ಜೋರಾದರೆ, ಹಳದಿ. ಅವಳು ಅದನ್ನು ಪುಸ್ತಕದಲ್ಲಿ ಬರೆದುಕೊಂಡಿದ್ದಳು. ಅಡಿಗೆರೆ ಕೂಡ ಎಳೆದಿದ್ದಳು. ಸೆಪ್ಟೆಂಬರಿನ ಆ ಬೆಳಿಗ್ಗೆ ಮಾದಿಂಫೊಳ ಎದುರು ನಿಂತಾಗ ಆ ಅಡಿಗೆರೆ ಎಳೆದ ಸಾಲು ನಾಲಿಗೆಯ ಹಿಂದೆಯೇ ಇತ್ತು. ಎರಡನೆಯ ಅರ್ಧ ಹೇಳಿದರೆ ಡಬ್ಬಿಯ ಮುಚ್ಚಳ ಹಾಕಿಕೊಳ್ಳಬೇಕಾಗುತ್ತಿತ್ತು. ಮಾದಿಂಫೊ ಮತ್ತೆ ಬೆನ್ನು ತಿರುಗಿಸುತ್ತಿದ್ದಳು. ಹೇಳಲಿಲ್ಲ. ಬದಲಿಗೆ ಮತ್ತೊಂದು ಮಾತು ಸೇರಿಸಿದಳು: “ಅಜ್ಜಿಗೆ ಹೇಳ್ಬೇಡಿ ಮೇ. ಬುರುಡೆ ಬಿಟ್ಟು ಬೇರೆ ಬೀಜ ಕೊಟ್ಟೆ ಅಂತ ಬೇಜಾರು ಮಾಡ್ಕೋತಾಳೆ.” ಮಾದಿಂಫೊ ಬೊಗಸೆಯೊಡ್ಡಿದ್ದಳು. ತನಗಿಂತ ಮೂವತ್ತು ವರ್ಷ ದೊಡ್ಡವಳ ಬೊಗಸೆಗೆ ಬೀಜ ಸುರಿಯುವಾಗ ದಿಪುವೊಗೆ ಆದ ಸಂತೋಷ, ಆ ರಾತ್ರಿಯ ದಿನಚರಿಯಲ್ಲಿ ಎರಡು ಪುಟ ತುಂಬಿತ್ತು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ: ಪೂರ್ತಿ ಹೇಳಲಿಲ್ಲ.

“ಅಜ್ಜಿ” ಎಂದಳು ದಿಪುವೊ. ಮಾದಿಂಫೊ ಅಷ್ಟರಲ್ಲಿ ಮುಂದಿನ ಗುಂಪು ಸೇರಿದ್ದಳು. “ಗಂಡಿಲ್ಲದೆ ಒಂದು ಗಿಡ ತಾನೇ ಬೀಜ ಕಟ್ಟಿದ್ರೆ, ಆ ಬೀಜ ಬಿತ್ತಬಹುದಾ?”

ಅಜ್ಜಿಯ ಕೈ ಹೆಗಲ ಮೇಲೆ ನಿಂತಿತು. ನಡಿಗೆ ನಿಲ್ಲಲಿಲ್ಲ. “ಯಾಕೆ ಬಿತ್ತಬಾರ್ದು? ಬೀಜ ಬೀಜವೇ. ನಿನ್ನ ಹಿತ್ತಲಲ್ಲಿ ನಾಲ್ಕು ಹಾಕ್ಕೋ, ಬೆಳಿಗ್ಗೆ ಒಂದ್ಸಲ ಸಂಜೆ ಒಂದ್ಸಲ ಪ್ರತಿ ತೆನೆ ಬಿಡಿಸಿ ನೋಡ್ಕೋ. ಒಳ್ಳೇ ಗಿಡವೂ ಆಗುತ್ತೆ ಅದ್ರಲ್ಲಿ. ನಮ್ಮಮ್ಮ ಬರಗಾಲದ ವರ್ಷ ಹಾಗೇ ಉಳಿಸ್ಕೊಂಡಿದ್ಲು.” ನಾಲ್ಕು ಹೆಜ್ಜೆ ಬಿಟ್ಟು ಹೇಳಿದಳು: “ಆದ್ರೆ ಇನ್ನೊಬ್ರ ಬೊಗಸೆಗೆ ಹಾಕೋ ಬೀಜ ಅಲ್ಲ ಅದು. ನಿನ್ನ ಭಯ ನೀನೇ ಕಾಯ್ಬೇಕು. ಯಾಕೆ ಕೇಳ್ದೆ?”

ಅಜ್ಜಿ ಕೇಳಿಯೇಬಿಟ್ಟಳು. ಯಾರಾದರೂ ಕೇಳಿದರೆ ಹೇಳುತ್ತೇನೆ ಎಂದು ಬೆಳಗಿನಿಂದ ತನಗೆ ತಾನೇ ಕೊಟ್ಟುಕೊಂಡಿದ್ದ ಮಾತು ಇದೇ ತಾನೆ. ಬಾಯಿ ತೆರೆದಳು. “ಸುಮ್ಮನೆ. ಪುಸ್ತಕದಲ್ಲಿತ್ತು” ಎಂಬ ಮಾತು ಹೊರಬಂತು, ಎಷ್ಟು ಸಲೀಸಾಗಿ ಬಂತೆಂದರೆ, ಬಹಳ ದಿನದಿಂದ ಹಲ್ಲಿನ ಹಿಂದೆ ತಯಾರಾಗಿ ನಿಂತಿತ್ತೇನೋ ಎನ್ನಿಸಿತು.

ಮೊದಲ ಮೂರು ಹೊಲಗಳಲ್ಲಿ ಏನೂ ಸಿಗಲಿಲ್ಲ. ಹೆಂಗಸರು ಸಾಲಿನೊಳಗೆ ಬಗ್ಗಿ, ತೆನೆಗಳನ್ನು ಕತ್ತಿನ ಹಿಂದೆ ಕೈಯಿಟ್ಟು ಮಗುವಿನ ಮುಖ ಎತ್ತಿ ನೋಡುವ ಹಾಗೆ ಎತ್ತಿ ನೋಡುತ್ತಿದ್ದರು. ಅಂಟು ಮೆತ್ತಿದ ಬೆರಳುಗಳನ್ನು ಕಂಬಳಿಗೆ ಒರೆಸಿಕೊಳ್ಳುತ್ತಿದ್ದರು. ಮಾಕೋಪಾನೊ ತನ್ನ ಹೊಲಕ್ಕೆ ಬಂದಾಗ, “ಬನ್ರೇ ಬನ್ರೇ, ನನ್ನ ಹೆಣ್ಣುಮಕ್ಕಳನ್ನ ಸರಿಯಾಗಿ ನೋಡಿ, ಒಂದಕ್ಕಾದ್ರೂ ಮೀಸೆ ಇದೆಯಾ ಹೇಳಿ” ಎಂದು ಕೈ ಚಾಚಿದಳು. ಇದ್ದಕ್ಕಿದ್ದ ಹಾಗೆ ಒಬ್ಬಳು, “ಇದೇನೇ, ಇದರಲ್ಲಿ ಬೀಜ ಕಟ್ಟಿದೆ” ಎಂದಳು. ಮಾಕೋಪಾನೊ ತೆನೆ ಉಜ್ಜಿದಳು. ಅಂಗೈಯಲ್ಲಿ ಮೂರು ಬೀಜ, ಇನ್ನೂ ಬಲಿಯದ ಹಸಿರು. ಇನ್ನೊಂದು ಗಿಡ ಉಜ್ಜಿದಳು. ಅವಳ ಮುಖದಿಂದ ನಗು ಇಳಿದುಹೋಯಿತು. ಮೇಲಿಂದ ಗಾಳಿ ಬೀಸುತ್ತಿತ್ತು. ಎಲ್ಲರೂ ಗಾಳಿ ಬರುತ್ತಿದ್ದ ಕಡೆಗೆ ನೋಡಿದರು. ಮೇಲೆ ಇದ್ದದ್ದು ಒಂದೇ ಹೊಲ.

ಆಮೇಲೆ ನಡೆದದ್ದನ್ನೆಲ್ಲ ದಿಪುವೊ ದೂರದಿಂದ ನೋಡುವ ಹಾಗೆ ನೋಡಿದಳು. ತನ್ನ ಕಾಲುಗಳು ಗುಂಪಿನ ಜೊತೆ ಏರುತ್ತಿದ್ದದ್ದನ್ನೂ ಹಾಗೇ. ಮಾದಿಂಫೊ ಮುಂದೆ ಮುಂದೆ ಓಡುತ್ತ, “ನನ್ನದ್ರಲ್ಲಿ ಇಲ್ಲ ಕಣ್ರೇ, ಜನವರೀಲೇ ನೋಡಿದ್ದೀರಲ್ಲ” ಎನ್ನುತ್ತಿದ್ದಳು. ಜನವರಿಯ ಸುತ್ತಿನಲ್ಲಿ ಅವಳ ಹೊಲದಲ್ಲಿ ಒಂದೂ ಗಂಡು ಸಿಗದೆ, ಹೆಂಗಸರು ಬೆರಗಾಗಿ ಅಜ್ಜಿಯ ಕೈಯ ಗುಣವೆಂದು ಹೊಗಳಿದ್ದರು. ಅಜ್ಜಿ, “ನನ್ನ ಕೈ ಇಷ್ಟು ವರ್ಷ ಎಲ್ಲಿಗೆ ಹೋಗಿತ್ತೋ” ಎಂದು ನಕ್ಕು, ಮನೆಗೆ ಬಂದ ಮೇಲೆ ಬುರುಡೆಯನ್ನು ಇಳಿಸಿ ಬಹಳ ಹೊತ್ತು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಆಗ ದಿಪುವೊ ಹೇಳಬಹುದಿತ್ತು. ಆವತ್ತು ಮಾದಿಂಫೊ ಹೊಲದ ನಡುವೆ ಕುಣಿದಿದ್ದಳು. ಗಂಡ ಗಣಿಯಲ್ಲಿ ಸತ್ತ ಮೇಲೆ ಅವಳು ಕುಣಿದದ್ದನ್ನು ಯಾರೂ ಕಂಡಿರಲಿಲ್ಲ. ಮದುವೆಯ ದಿನವೇ ಅತ್ತೆ ಮನೆಯವರು ಎಲ್ಲ ಸೊಸೆಯರಿಗೂ ಇಡುವ ಹಾಗೆ ಅವಳಿಗೂ ಹುಟ್ಟಲಿರುವ ಮಗುವಿನ ಹೆಸರಿಟ್ಟು ಕರೆದಿದ್ದರು: ಮಾದಿಂಫೊ, ದಿಂಫೊನ ತಾಯಿ. ದಿಂಫೊ ಬರಲಿಲ್ಲ. ಮೂವತ್ತೆರಡು ವರ್ಷದಿಂದ ಊರು ಅವಳನ್ನು ಬಾರದ ಮಗುವಿನ ಹೆಸರಿನಿಂದಲೇ ಕರೆಯುತ್ತಿದೆ, ಅವಳು ಓಗೊಡುತ್ತಿದ್ದಾಳೆ.

“ಇಲ್ಲಿ!” ಎಂದಳು ಮಾಕೋಪಾನೊ. ಮೂರನೆಯ ಸಾಲಿನ ಹಿಂದೆ. “ಇಲ್ಲಿ ನೋಡ್ರೇ. ಹಳದಿ!”

“ಅದು ಹೆಣ್ಣು!” ಮಾದಿಂಫೊ ಗಿಡಕ್ಕೂ ಅವಳಿಗೂ ನಡುವೆ ನುಗ್ಗಿದಳು. “ಕೂದಲು ನೋಡು ಎಷ್ಟು ಬೆಳ್ಳಗಿದೆ. ತೆನೆ ನೋಡು. ಗಂಡಿಗೆ ಇಂಥಾ ತೆನೆ ಇರುತ್ತಾ?”

“ಹೆಣ್ಣಿಗೆ ಇಂಥಾ ಹೂವು ಇರುತ್ತಾ?”

“ಏನೋ ರೋಗ ಬಂದಿರ್ಬೇಕು.”

“ರೋಗ ನನ್ನ ಹೊಲಕ್ಕೆ ಬೀಜ ಕಟ್ಟಿಸಿದೆ, ಗೊತ್ತಾ? ಜನವರೀಲಿ ಇದನ್ನ ಬಚ್ಚಿಟ್ಟಿದ್ದೆ ನೀನು. ಜೋಳದ ಸೋಗೆ ಮುಚ್ಚಿ ಬಚ್ಚಿಟ್ಟಿದ್ದೆ. ಒಂದೂ ಗಂಡಿಲ್ಲ ಅಂತ ಕುಣಿದ್ಯಲ್ಲ, ಆವತ್ತೇ ನಂಗೆ ಅನುಮಾನ.”

ಅಜ್ಜಿಯನ್ನು ಗಿಡದ ಹತ್ತಿರ ಕರೆತಂದರು. ಅವಳು ನೋಡಲಿಲ್ಲ, ಕಣ್ಣು ಮುಚ್ಚಿದಳು. ಬೆರಳುಗಳು ತೆನೆಯ ಮೇಲೆ ಮೆಲ್ಲನೆ ಏರಿದವು, ಹಳದಿಯ ಮೇಲೆ ನಿಂತವು, ಮತ್ತೆ ಕೆಳಗಿಳಿದವು. ಪಕ್ಕದ ಗಿಡಕ್ಕೆ ಹೋದವು. ಅದರ ಪಕ್ಕದ್ದಕ್ಕೆ. ಅಜ್ಜಿಯ ಮುಖದಲ್ಲಿ ಏನೋ ಒಂದು ಲೆಕ್ಕ ತಪ್ಪಿದಂತಿತ್ತು. “ಇದು ನನ್ನ ಬುರುಡೇದಲ್ಲ” ಎಂದಳು. “ಮಾದಿಂಫೊ, ಈ ಬೀಜ ನಿನಗೆ ಎಲ್ಲಿಂದ ಬಂತು?”

ಆಗ ಮಾದಿಂಫೊ ತಿರುಗಿ ದಿಪುವೊಳನ್ನು ನೋಡಿದಳು. ಬರಿಯ ಒಂದು ಕ್ಷಣ. ಆ ನೋಟದಲ್ಲಿ ದೂರಿರಲಿಲ್ಲ. ಇದ್ದಿದ್ದರೆ ದಿಪುವೊಗೆ ಸುಲಭವಾಗುತ್ತಿತ್ತು. ಕಲಿತ ಹುಡುಗಿ ಏನಾದರೂ ಹೇಳಿಯಾಳು, ಇದಕ್ಕೊಂದು ಹೆಸರು ಹೇಳಿಯಾಳು, ರೋಗವೆಂದು, ಹುಳವೆಂದು, ಏನೋ ಒಂದು, ಎಂಬ ಆಸೆಯಿತ್ತು. ದಿಪುವೊ ತನ್ನ ಬಲಗೈಯನ್ನು ಜೇಬಿನೊಳಗೆ ಮುಷ್ಟಿ ಮಾಡಿಕೊಂಡಳು. ಮಾದಿಂಫೊ ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಕಣ್ಣು ತೆಗೆದು, “ನನ್ನದೇ ಮೇ” ಎಂದಳು. “ಗಡಿಗೇಲಿದ್ದ ಹಳೇದು. ನಿಮ್ಮದು ಅಂತ ಸುಳ್ಳು ಹೇಳಿದ್ದೆ.”

ಹೆಂಗಸರಲ್ಲಿ ಗುಜುಗುಜು ಎದ್ದಿತು. ಮಾಕೋಪಾನೊ, “ಸರಿ ಮತ್ತೆ” ಎಂದಳು. ಅಷ್ಟು ಹೇಳಿ ಅವಳೂ ತಡವರಿಸಿದಳು; ಮುಂದಿನ ಮಾತು ಏನೆಂದು ಎಲ್ಲರಿಗೂ ಗೊತ್ತಿತ್ತು, ಆ ಮಾತನ್ನು ಇವಳಿಗೆ ಹೇಳುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಒಬ್ಬಳು, “ಬಿಡ್ರೇ, ಇಲ್ಲೇ ಸುಟ್ಟುಬಿಡೋಣ” ಎಂದಳು. ಇನ್ನೊಬ್ಬಳು, “ಹಾಗೆ ಬಿಟ್ರೆ ಮುಂದಿನ ವರ್ಷ ನಾನೂ ಬಚ್ಚಿಡ್ತೀನಿ” ಎಂದಳು. “ನಾನು ಹೊತ್ತಿಲ್ವಾ?” ಎಂದಳು ಮಾಕೋಪಾನೊ, ಆದರೆ ಅವಳ ದನಿ ಈಗ ಕಣಿವೆ ದಾಟುತ್ತಿರಲಿಲ್ಲ.

ಮಾದಿಂಫೊ ಅಷ್ಟರಲ್ಲಿ ಎದೆಯ ಮೇಲಿನ ದೊಡ್ಡ ಪಿನ್ನು ಬಿಚ್ಚಿ ಕಂಬಳಿ ತೆಗೆದಿದ್ದಳು. ಕಂಬಳಿಯಿಲ್ಲದೆ ಅವಳು ತೀರ ಸಣ್ಣಗೆ ಕಂಡಳು. “ಕಟ್ರಿ” ಎಂದು ಬಗ್ಗಿ ಬೆನ್ನು ಕೊಟ್ಟಳು. “ನನ್ನ ಬೆನ್ನೇನು ಸವೆದಿಲ್ಲವಲ್ಲ. ಹೊಸದಾಗೇ ಇದೆ.” ನಕ್ಕಳು. ಯಾರೂ ಜೊತೆಗೆ ನಗಲಿಲ್ಲ.

“ದಿಪುವೊ” ಎಂದಳು ಅಜ್ಜಿ. “ನೀನು ಕೀಳು. ನನಗೆ ಕಾಣ್ಸೋದಿಲ್ಲ.”

ಗಿಡ ಸುಲಭವಾಗಿ ಬಂತು. ಮಳೆಯಾದ ನೆಲ. ಬೇರಿನ ಮಣ್ಣು ಕೊಡವುತ್ತ, ಇಷ್ಟು ಸಲೀಸಾಗಿ ಬರಬಾರದಿತ್ತು ಎಂದುಕೊಂಡಳು. ಗಿಡ ಅವಳ ಎದೆಯೆತ್ತರ ಇತ್ತು, ಹಸಿ ವಾಸನೆ, ಅಂಟು. ಎರಡು ಕೈಯಲ್ಲಿ ಅಡ್ಡವಾಗಿ ಹಿಡಿದಾಗ ಅದರ ತಲೆ ಅವಳ ಮೊಣಕೈಯ ಮೇಲೆ ಜೋತುಬಿತ್ತು. ತಾನು ಬಕೀಟಿನಲ್ಲಿ ಬೆಳೆಸಿದ್ದರ ಮಗಳು ಇದು; ಎಲೆಯ ಅಂಚಿನ ಅದೇ ನೇರಳೆ, ಗೆಣ್ಣಿನ ಅದೇ ಸೊಟ್ಟು. ನೀರು ಹಾಕಲು ಮರೆತ ದಿನಗಳು, ಕಿಟಕಿಯಿಂದ ಅದನ್ನು ನೋಡುತ್ತ ದಿನಚರಿ ಬರೆದ ದಿನಗಳು. ಅಲ್ಲಿ ಎಲ್ಲವನ್ನೂ ಬರೆದಿದ್ದಳು, ಯಾರಿಗೂ ಏನೂ ಹೇಳದೆ, ತಾನೇ ಹೇಳಿ ತಾನೇ ಕೇಳಿ ತಾನೇ ಕ್ಷಮಿಸಿಕೊಂಡು. ಅವಳು ಗಿಡವನ್ನು ಮಾದಿಂಫೊಳ ಬಾಗಿದ ಬೆನ್ನಿನ ಮೇಲೆ ಮಲಗಿಸಿದಳು. ಬೇರಿನ ಮಣ್ಣು ಅವಳ ರವಿಕೆಯೊಳಗೆ ಉದುರಿತು. ಮಾಕೋಪಾನೊ ಕಂಬಳಿಯನ್ನು ಮೇಲಿಂದ ಎಳೆದು, ಅಭ್ಯಾಸದ ಕೈಯಿಂದ, ಕೆಳಗೆ ಒಂದು ಗಂಟು, ಎದೆಯ ಮೇಲೆ ಒಂದು ಗಂಟು ಹಾಕಿದಳು. ತೆನೆಯ ತುದಿ ಕಂಬಳಿಯಿಂದ ಹೊರಗೆ, ಮಾದಿಂಫೊಳ ಕತ್ತಿನ ಹಿಂದೆ, ತಲೆಯಾಡಿಸುತ್ತಿತ್ತು.

ಮಾದಿಂಫೊ ನೆಟ್ಟಗಾದಳು. ಅವಳ ಕೈಗಳು, ಯಾರೂ ಕಲಿಸದೆ, ಹಿಂದೆ ಹೋಗಿ ಕಂಬಳಿಯ ತಳವನ್ನು ಹಿಡಿದು ಒಂದು ಸಲ ಮೇಲಕ್ಕೆತ್ತಿ ಸರಿಪಡಿಸಿಕೊಂಡವು. “ಹಗುರಾಗಿದೆ ಕಣ್ರೇ” ಎಂದಳು.

ಯಾರೋ ಒಬ್ಬಳು, ಮುಗಿಸಿಬಿಡಬೇಕೆಂಬ ಅವಸರದಲ್ಲಿ, ಜೋಗುಳ ಎತ್ತಿದಳು. ಎರಡು ದನಿ ಸೇರಿದವು. ಮಾದಿಂಫೊ ದಾರಿಯ ಕಡೆಗೆ ತಿರುಗಿದಳು; ಅದೇ ಬೆನ್ನು, ಸೆಪ್ಟೆಂಬರಿನಲ್ಲಿ ಬಾಗಿಲಿನಿಂದ ತಿರುಗಿದ್ದ ಬೆನ್ನು, ಈಗ ಹೊರೆ ಹೊತ್ತು. ಒಂದು ಹೆಜ್ಜೆ. ಎರಡು. ದಿಪುವೊ ಮತ್ತೆ ಜೇಬಿಗೆ ಹೋಗಿದ್ದ ಕೈಯನ್ನು ಹೊರತೆಗೆದಳು. ಏನೋ ಹೇಳಿದಳು. ಹಾಡಿನ ನಡುವೆ ಅದು ಯಾರಿಗೂ ಕೇಳಿಸಲಿಲ್ಲ, ಮತ್ತೆ ಹೆಗಲ ಮೇಲೆ ಕೈಯಿಟ್ಟಿದ್ದ ಅಜ್ಜಿಗೆ ಮಾತ್ರ ಅವಳ ಮೈ ಅದುರಿದ್ದು ತಿಳಿಯಿತು.

“ಏನಂದೆ?” ಎಂದಳು ಅಜ್ಜಿ.

ಹಾಡು ನಿಂತಿತು. ಮಾಕೋಪಾನೊ ತಿರುಗಿ ನೋಡಿದಳು. ಎಲ್ಲ ಕಣ್ಣುಗಳೂ ತನ್ನ ಮೇಲೆ ಬಿದ್ದಾಗ ಯಾವಾಗಲೂ ಆಗುವ ಹಾಗೆ ದಿಪುವೊಗೆ ವಾಕ್ಯದ ಮೊದಲು ಎಲ್ಲಿ, ಕೊನೆ ಎಲ್ಲಿ ಎಂಬುದು ಕಲಸಿಹೋಯಿತು. ಮಾದಿಂಫೊ ಮಾತ್ರ ತಿರುಗದೆ, ಬೇಡ ಎನ್ನುವ ಹಾಗೆ ಹಿಂದೆ ಒಂದು ಕೈ ಅಲ್ಲಾಡಿಸಿ, ನಡೆಯುತ್ತಲೇ ಇದ್ದಳು.

“ನಿಲ್ಲಿ ಮೇ” ಎಂದು ದಿಪುವೊ ಕೂಗಿದಳು. ದನಿ ಒಡೆದು ಕಣಿವೆಯ ಆಚೆ ದಂಡೆಗೆ ಬಡಿಯಿತು. “ಆ ಬೀಜ ಕೊಟ್ಟಿದ್ದು ನಾನು. ಹೀಗಾಗುತ್ತೆ ಅಂತ ನನಗೆ ಆವತ್ತೇ ಗೊತ್ತಿತ್ತು.”